ಮತ್ತು, ಅಥವಾ, ಅಲ್ಲ

ಹಳೆಯ ವಕೀಲರ ಕಚೇರಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯುದ್ದಕ್ಕೂ ಜೋಡಿಸಿಟ್ಟ ದಪ್ಪ ರಟ್ಟಿನ ಪುಸ್ತಕಗಳು. ಉಚ್ಚ ನ್ಯಾಯಾಲಯ, ಸುಪ್ರೀಂ ಕೋರ್ಟುಗಳ ತೀರ್ಪುಗಳನ್ನು ವರ್ಷಾನುಕ್ರಮವಾಗಿ ಅಚ್ಚು ಹಾಕಿದ ಸಂಪುಟಗಳವು. ನಾಗಪುರದ ಆಲ್ ಇಂಡಿಯಾ ರಿಪೋರ್ಟರ್ 1914ರಿಂದ ಈ ಕೆಲಸ ಮಾಡಿಕೊಂಡು ಬಂದಿದೆ. ಒಂದು ಮೊಕದ್ದಮೆ ಕೈಗೆ ಬಂತೆಂದರೆ, ಇಂಥದೇ ವಿಚಾರದಲ್ಲಿ ಮೇಲಿನ ಕೋರ್ಟು ಹಿಂದೆ ಏನು ಹೇಳಿದೆ ಎಂದು ಹುಡುಕುವುದು ಕಿರಿಯ ವಕೀಲರ ಪಾಲಿನ ಕೆಲಸ. ಸೂಚಿಪುಟದ ಮೇಲೆ ಬೆರಳಾಡಿಸುತ್ತ, ಸಂಪುಟದಿಂದ ಸಂಪುಟಕ್ಕೆ ಹಾರುತ್ತ, ದೂಳು ಕುಡಿಯುತ್ತ ರಾತ್ರಿ ಕಳೆಯಬೇಕಿತ್ತು.

ಈಗ ಆ ಗೋಡೆಯೇ ಕಂಪ್ಯೂಟರಿನೊಳಗೆ ಬಂದು ಕುಳಿತಿದೆ. ಚಂದಾ ಕಟ್ಟಿ ನೋಡುವ ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥ ಕೋಶಗಳಿವೆ. ದುಡ್ಡು ಕೊಡದೆ ನೋಡಬಹುದಾದ ಇಂಡಿಯನ್ ಕಾನೂನ್ 2008ರಲ್ಲಿ ಆರಂಭವಾಯಿತು. ಸುಪ್ರೀಂ ಕೋರ್ಟ್ ತನ್ನ ಅಧಿಕೃತ ತೀರ್ಪುಗಳ ಇ-ಎಸ್‌ಸಿಆರ್ ಕೋಶವನ್ನು 2023ರ ಜನವರಿ 2ರಂದು ಎಲ್ಲರಿಗೂ ಉಚಿತವಾಗಿ ತೆರೆಯಿತು. ವಕೀಲರಲ್ಲದವರೂ ತೀರ್ಪನ್ನು ತಾವೇ ಓದಬಹುದು. ಕಣಜದ ಬಾಗಿಲೇನೋ ತೆರೆದಿದೆ. ಆದರೆ ಕಾಳು ಬೇಕಾದವನಿಗೆ ಮೊರ ಮತ್ತು ಜರಡಿ ಹಿಡಿಯಲು ಬರಬೇಕಲ್ಲವೇ? ಆ ವಿದ್ಯೆಯನ್ನು ಕಲಿಸುವವರು ಕಡಿಮೆ.

ಶಾಲಾ ಮೇಷ್ಟರ ಬೀಜಗಣಿತ

ಈ ಜರಡಿಯನ್ನು ಮಾಡಿಕೊಟ್ಟವನು ವಕೀಲನೂ ಅಲ್ಲ, ಕಂಪ್ಯೂಟರ್ ಎಂಜಿನಿಯರನೂ ಅಲ್ಲ. ಒಬ್ಬ ಶಾಲಾ ಮೇಷ್ಟ್ರು. ಜಾರ್ಜ್ ಬೂಲ್ 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದ. ತಂದೆಯದು ಪಾದರಕ್ಷೆ ಹೊಲಿಯುವ ಕಸುಬು. ಹದಿನಾರನೇ ವಯಸ್ಸಿಗೇ ಬೂಲ್ ಸಹಾಯಕ ಮೇಷ್ಟ್ರಾಗಿ ಮನೆಯ ನೊಗಕ್ಕೆ ಹೆಗಲು ಕೊಡಬೇಕಾಯಿತು. ಗಣಿತವನ್ನು ಬಹುಮಟ್ಟಿಗೆ ತಾನೇ ಓದಿ ಕಲಿತ. ವಿದ್ಯಾರ್ಥಿಯಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈತ 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕನಾದ. 1854ರಲ್ಲಿ ವಿಚಾರದ ನಿಯಮಗಳನ್ನು ಕುರಿತ ಪುಸ್ತಕ ಬರೆದ. ಸಂಖ್ಯೆಗಳನ್ನು ಕೂಡಿ ಕಳೆಯುವಂತೆ ಆಲೋಚನೆಗಳನ್ನೂ ಕೂಡಿ ಕಳೆಯಬಹುದು ಎಂಬುದು ಅದರ ಸಾರ. ಭಾರತದ ಸರ್ವೇಯರ್ ಜನರಲ್ ಆಗಿದ್ದ, ಎವರೆಸ್ಟ್ ಶಿಖರಕ್ಕೆ ಹೆಸರು ಕೊಟ್ಟ ಜಾರ್ಜ್ ಎವರೆಸ್ಟ್ ಅವರ ಸೋದರರ ಮಗಳೇ ಬೂಲ್‌ನ ಪತ್ನಿ. 1864ರಲ್ಲಿ ಮಳೆಯಲ್ಲಿ ನೆನೆದುಕೊಂಡು ಕಾಲೇಜಿಗೆ ನಡೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಜ್ವರ ಹತ್ತಿ ತೀರಿಕೊಂಡಾಗ ಬೂಲ್‌ನಿಗೆ 49 ವರ್ಷ.

ಆ ಬೀಜಗಣಿತ ಬಹುಕಾಲ ತರ್ಕಶಾಸ್ತ್ರದವರ ಸೊತ್ತಾಗಿಯೇ ಉಳಿದಿತ್ತು. 1937ರಲ್ಲಿ ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ವಿದ್ಯುತ್ ಸ್ವಿಚ್ಚುಗಳ ಜೋಡಣೆಗೂ ಅದೇ ನಿಯಮಗಳು ಹೊಂದುತ್ತವೆಂದು ತೋರಿಸಿದ. ಅಲ್ಲಿಂದ ಬೂಲ್‌ನ ಮೂರು ಪದಗಳು ಕಂಪ್ಯೂಟರಿನ ಎಲುಬಾದವು: ಆಂಡ್, ಆರ್, ನಾಟ್. ಕನ್ನಡದಲ್ಲಿ ಹೇಳುವುದಾದರೆ ಮತ್ತು, ಅಥವಾ, ಅಲ್ಲ.

ಹೈಸ್ಕೂಲಿನಲ್ಲಿ ಗಣಗಳ ಪಾಠ ಓದಿದವರಿಗೆ ಇದು ಹೊಸದಲ್ಲ. ಒಂದು ಶಾಲೆಯಲ್ಲಿ ಖೋ ಖೋ ಆಡುವವರು 25, ಕಬಡ್ಡಿ ಆಡುವವರು 20, ಎರಡನ್ನೂ ಆಡುವವರು 8 ಎಂದಿಟ್ಟುಕೊಳ್ಳಿ. ‘ಖೋ ಖೋ ಆಂಡ್ ಕಬಡ್ಡಿ’ ಎಂದು ಕೇಳಿದರೆ ಬರುವವರು 8 ಮಂದಿ. ‘ಖೋ ಖೋ ಆರ್ ಕಬಡ್ಡಿ’ ಎಂದರೆ 37. ‘ಖೋ ಖೋ ನಾಟ್ ಕಬಡ್ಡಿ’ ಎಂದರೆ 17. ಇಷ್ಟೇ ಲೆಕ್ಕ.

ಆದರೂ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ‘ಸಂತೆಯಿಂದ ಬೆಂಡೆಕಾಯಿ ಮತ್ತು ಬದನೆಕಾಯಿ ತೊಗೊಂಡು ಬಾ’ ಎಂದು ಅಮ್ಮ ಹೇಳಿದರೆ ಚೀಲ ಭಾರವಾಗುತ್ತದೆ. ಕಂಪ್ಯೂಟರಿಗೆ ‘ಮತ್ತು’ ಎಂದರೆ ಚೀಲ ಹಗುರಾಗುತ್ತದೆ; ಎರಡು ಪದವೂ ಇರುವ ಕಾಗದವನ್ನಷ್ಟೇ ಅದು ತರುತ್ತದೆ. ಮನೆಮಾತಿನ ‘ಮತ್ತು’ ಕೂಡಿಸುತ್ತದೆ, ಯಂತ್ರದ ‘ಮತ್ತು’ ಸೋಸುತ್ತದೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ಪಾಠ ಮುಗಿದಂತೆ.

ಕಾನೂನಿಗೆ ಈ ಯಂತ್ರ ಬಂದ ಬಗೆಯೂ ಸ್ವಾರಸ್ಯಕರ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನುಗಳಲ್ಲಿ ‘ಬುದ್ಧಿಮಾಂದ್ಯ ಮಗು’ ಎಂದಿದ್ದ ಕಡೆಯೆಲ್ಲ ‘ವಿಶೇಷ ಮಗು’ ಎಂದು ತಿದ್ದಬೇಕಾಗಿತ್ತು. ವಿದ್ಯಾರ್ಥಿಗಳನ್ನು ಕೂರಿಸಿ ಓದಿಸಿದರು. ಎಷ್ಟೋ ಕಡೆ ಪದ ಕಣ್ತಪ್ಪಿ ಉಳಿಯಿತು. ಆಗ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ ಹಾರ್ಟಿ ಎಂಬ ವಕೀಲರು ಕಾನೂನಿನ ಪೂರ್ತಿ ಪಠ್ಯವನ್ನೇ ಕಂಪ್ಯೂಟರಿಗೆ ತುಂಬಿಸಿ ಹುಡುಕಿಸಿದರು. 1960ರಲ್ಲಿ ಅಮೆರಿಕದ ವಕೀಲರ ಸಂಘದ ಮುಂದೆ ಇದರ ಪ್ರದರ್ಶನ ನಡೆಯಿತು. 1973ರಲ್ಲಿ ಲೆಕ್ಸಿಸ್, 1975ರಲ್ಲಿ ವೆಸ್ಟ್‌ಲಾ ಎಂಬ ವ್ಯಾಪಾರಿ ಕೋಶಗಳು ಬಂದವು.

ಒಂದು ರಸೀದಿಯ ಕಥೆ

ಈ ವಿದ್ಯೆ ಯಾರಿಗೆ ಬೇಕು, ವಕೀಲರಿಗೆ ತಾನೇ ಎನ್ನುವವರು ಒಬ್ಬ ತಂದೆಯ ಪ್ರಸಂಗವನ್ನು ಕೇಳಬೇಕು. ಅವರು ತಾಲ್ಲೂಕು ಕೇಂದ್ರವೊಂದರ ಸಹಕಾರ ಸಂಘದಲ್ಲಿ ಗುಮಾಸ್ತರು. ಮಗನನ್ನು ಪ್ರವೇಶ ಪರೀಕ್ಷೆಗೆ ತಯಾರು ಮಾಡಲೆಂದು ನಗರದ ಕೋಚಿಂಗ್ ಸಂಸ್ಥೆಯೊಂದಕ್ಕೆ ಎರಡು ವರ್ಷದ ಹಣವನ್ನು ಒಂದೇ ಸಲ ಕಟ್ಟಿದರು. ಅದಕ್ಕಾಗಿ ಮನೆಯವರ ಬಳೆಗಳು ಬ್ಯಾಂಕಿನಲ್ಲಿ ಅಡವು ಹೋದವು. ಎರಡು ತಿಂಗಳಲ್ಲಿ ಹುಡುಗನ ಆರೋಗ್ಯ ಕೆಟ್ಟು ಊರಿಗೆ ಮರಳಿದ. ಉಳಿದ ಹಣ ಕೇಳಲು ಹೋದರೆ ಸಂಸ್ಥೆಯವರು ರಸೀದಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು: ಒಮ್ಮೆ ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗದು.

ಹಿರಿಯ ಮಗಳು ಕಾನೂನು ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. ರಜೆಗೆ ಬಂದವಳು ಮೊಬೈಲಿನಲ್ಲೇ ವಿದ್ಯಾರ್ಥಿ, ಶುಲ್ಕ, ಗ್ರಾಹಕ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಒತ್ತಿದಳು. ಸಾವಿರಾರು ತೀರ್ಪು ಬಂದವು. ಮೇಲೆಯೇ ಇದ್ದದ್ದು ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ವಿದ್ಯಾರ್ಥಿ ಗ್ರಾಹಕನಲ್ಲ, ವಿಶ್ವವಿದ್ಯಾಲಯ ಸೇವೆ ಮಾರುವ ಅಂಗಡಿಯಲ್ಲ ಎಂಬುದು ಅದರ ತಾತ್ಪರ್ಯ.

‘ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಇನ್ನೇನಿದೆ? ಬಿಡು ಮಗಳೇ, ನಮ್ಮ ಹಣೆಬರಹ’ ಎಂದರು ತಂದೆ.

‘ಅಪ್ಪಾ, ಅದು ವಿಶ್ವವಿದ್ಯಾಲಯದ ಮಾತು. ನೀವು ದುಡ್ಡು ಕಟ್ಟಿದ್ದು ಕೋಚಿಂಗಿಗೆ. ಎರಡೂ ಒಂದೇ ಅಂತ ಎಲ್ಲಿ ಬರೆದಿದೆ?’

ಹುಡುಕಾಟ ಶುರುವಾಗುವುದು ಇಂಥ ಪ್ರಶ್ನೆಯಿಂದ, ಕೀಲಿಮಣೆಯಿಂದಲ್ಲ.

ರಜೆ ಮುಗಿಸಿ ಹೋದವಳು ಕಾಲೇಜಿನ ಗ್ರಂಥಾಲಯದ ಕೋಶದಲ್ಲಿ ಕುಳಿತಳು. ಪದದ ಬುಡವನ್ನಷ್ಟೇ ಬರೆದು ಕೊನೆಗೆ ಒಂದು ಚಿಹ್ನೆ ಹಾಕಿದರೆ ಆ ಬುಡದಿಂದ ಹುಟ್ಟಿದ ಎಲ್ಲ ರೂಪಗಳೂ ಬರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಕೆಲವು ಕೋಶಗಳಲ್ಲಿ ಇದು ಆಶ್ಚರ್ಯಸೂಚಕ ಚಿಹ್ನೆ, ಕೆಲವದರಲ್ಲಿ ನಕ್ಷತ್ರ ಚಿಹ್ನೆ. ‘ರೀಫಂಡ್’ ಎಂದು ಬರೆದು ಚಿಹ್ನೆ ಹಾಕಿದರೆ ರೀಫಂಡೆಡ್, ರೀಫಂಡಬಲ್ ಎಲ್ಲವೂ ಬಲೆಗೆ ಬೀಳುತ್ತವೆ. ಅದೇ ಹುರುಪಿನಲ್ಲಿ ‘ಕೋಚ್’ ಎಂಬ ಬುಡಕ್ಕೂ ಚಿಹ್ನೆ ಅಂಟಿಸಿ, ನಡುವೆ ಆಂಡ್ ಹಾಕಿದಳು. ಪರದೆಯ ತುಂಬ ರೈಲು ಟಿಕೆಟ್ಟಿನ ಹಣ ವಾಪಸು ಕೇಳಿದವರ ದೂರುಗಳು! ಕೋಚ್ ಎಂದರೆ ರೈಲಿನ ಡಬ್ಬಿಯೂ ಹೌದಲ್ಲ. ಯಂತ್ರಕ್ಕೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ.

ಮುಂದಿನ ಸಲ ‘ಕೋಚಿಂಗ್ ಇನ್‌ಸ್ಟಿಟ್ಯೂಟ್’ ಎಂದು ಉದ್ಧರಣ ಚಿಹ್ನೆಯೊಳಗೆ ಬರೆದಳು. ಹಾಗೆ ಬರೆದರೆ ಎರಡು ಪದಗಳು ಅದೇ ಕ್ರಮದಲ್ಲಿ ಒಟ್ಟಿಗಿರುವ ಕಾಗದ ಮಾತ್ರ ಬರುತ್ತದೆ. ರೈಲುಗಳು ಹೋದವು. ಆದರೆ ಪಟ್ಟಿ ತೀರ ಚಿಕ್ಕದಾಯಿತು. ಏಕೆಂದರೆ ಒಬ್ಬ ನ್ಯಾಯಾಧೀಶರು ಕೋಚಿಂಗ್ ಸೆಂಟರ್ ಎಂದು ಬರೆದಿದ್ದರೆ ಇನ್ನೊಬ್ಬರು ಕೋಚಿಂಗ್ ಕ್ಲಾಸ್ ಎಂದಿರುತ್ತಾರೆ, ಮತ್ತೊಬ್ಬರು ಟ್ಯುಟೋರಿಯಲ್, ಅಕಾಡೆಮಿ ಎಂದಿರುತ್ತಾರೆ. ಇವನ್ನೆಲ್ಲ ಒಂದು ಆವರಣದೊಳಗೆ ಆರ್ ಹಾಕಿ ಜೋಡಿಸಬೇಕು. ಆವರಣದ ಹೊರಗೆ ಆಂಡ್ ಹಾಕಿ, ಇನ್ನೊಂದು ಆವರಣದಲ್ಲಿ ರೀಫಂಡ್ ಮತ್ತು ಅದರ ನೆಂಟ ಪದಗಳನ್ನು ಇಡಬೇಕು. ಆವರಣ ಬಿಟ್ಟರೆ ಯಾವುದನ್ನು ಮೊದಲು ಮಾಡಬೇಕೆಂದು ಯಂತ್ರವೇ ನಿರ್ಧರಿಸಿಕೊಳ್ಳುತ್ತದೆ. ಎರಡು ಕೂಡಿಸು ಮೂರು, ಗುಣಿಸು ನಾಲ್ಕು ಎಂಬ ಲೆಕ್ಕಕ್ಕೆ ಆವರಣವಿಲ್ಲದೆ 14, ಮೊದಲೆರಡಕ್ಕೆ ಆವರಣ ಹಾಕಿದರೆ 20. ಹಾಗೆಯೇ ಇದೂ.

ಪಟ್ಟಿ ಈಗ ಹದಕ್ಕೆ ಬಂತು. ಆದರೂ ನಡುನಡುವೆ ವಿಶ್ವವಿದ್ಯಾಲಯಗಳ ತೀರ್ಪುಗಳು ಇಣುಕುತ್ತಿದ್ದವು. ಅವು ಬೇಡವೆಂದು ಕೊನೆಗೆ ‘ನಾಟ್ ಯೂನಿವರ್ಸಿಟಿ’ ಎಂದು ಸೇರಿಸಿದಳು. ಪಟ್ಟಿ ಅಚ್ಚುಕಟ್ಟಾಯಿತು. ಅದೇ ಕ್ಷಣದಲ್ಲಿ, ಅವಳಿಗೆ ಬೇಕಾಗಿದ್ದ ಮುಖ್ಯ ತೀರ್ಪು ಪಟ್ಟಿಯಿಂದ ಮಾಯವಾಯಿತು!

2020ರ ಜನವರಿ 20ರಂದು ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠ ಒಂದು ತೀರ್ಪು ಕೊಟ್ಟಿತ್ತು. ಶಿಕ್ಷಣ ನೀಡುವ ಸಂಸ್ಥೆಗಳು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಆದರೆ ಕೋಚಿಂಗ್ ಸಂಸ್ಥೆಗಳು ಬರುತ್ತವೆ ಎಂದು ಅದು ಗೆರೆ ಎಳೆದು ಹೇಳಿತ್ತು. ತಂದೆಯ ಹಣದ ಪ್ರಶ್ನೆಗೆ ನೇರ ಉತ್ತರ. ಆದರೆ ಆ ಪ್ರಕರಣದ ಕಕ್ಷಿದಾರರ ಹೆಸರಿನಲ್ಲೇ ಒಂದು ವಿಶ್ವವಿದ್ಯಾಲಯವಿತ್ತು! ಎರಡರ ನಡುವೆ ಗೆರೆ ಎಳೆಯುವ ತೀರ್ಪಿನಲ್ಲಿ ಎರಡೂ ಪದ ಇರಲೇಬೇಕಲ್ಲವೇ? ‘ನಾಟ್’ ಎಂಬುದು ಕಳೆ ಕೀಳುವ ಭರದಲ್ಲಿ ಪೈರನ್ನೂ ಕಿತ್ತೆಸೆಯುವ ಆಳು. ಎರಡು ದಿನ ಬಿಟ್ಟು ಆ ಪದವನ್ನು ತೆಗೆದು ಮತ್ತೆ ನೋಡಿದಾಗಲೇ ಅವಳಿಗೆ ಇದು ಸಿಕ್ಕಿದ್ದು.

‘ನಾಟ್’ ಬದಲಿಗೆ ಅವಳು ಬಳಸಿದ್ದು ಸಾಮೀಪ್ಯದ ಸೂತ್ರ. ಎರಡು ಪದಗಳು ಒಂದೇ ವಾಕ್ಯದಲ್ಲಿ, ಒಂದೇ ಪ್ಯಾರಾದಲ್ಲಿ, ಅಥವಾ ಇಂತಿಷ್ಟು ಪದಗಳ ಅಂತರದಲ್ಲಿ ಇರಬೇಕೆಂದು ಹೇಳುವ ವಿಧಾನವದು. ವೆಸ್ಟ್‌ಲಾ, ಲೆಕ್ಸಿಸ್‌ಗಳಲ್ಲಿ ಓರೆಗೆರೆ ಹಾಕಿ ಎಸ್ ಬರೆದರೆ ಒಂದೇ ವಾಕ್ಯ, ಪಿ ಬರೆದರೆ ಒಂದೇ ಪ್ಯಾರಾ, ಸಂಖ್ಯೆ ಬರೆದರೆ ಅಷ್ಟು ಪದಗಳೊಳಗೆ. ಐವತ್ತು ಪುಟದ ತೀರ್ಪಿನಲ್ಲಿ ಮೊದಲ ಪುಟದಲ್ಲೊಂದು ಪದ, ಕೊನೆಯ ಪುಟದಲ್ಲೊಂದು ಪದ ಇದ್ದರೆ ಅವುಗಳಿಗೆ ಸಂಬಂಧವಿಲ್ಲದೇ ಇರಬಹುದು. ಒಂದೇ ವಾಕ್ಯದಲ್ಲಿದ್ದರೆ ಮಾತುಕತೆ ಇದೆ ಎಂದೇ ಅರ್ಥ. ಆದರೆ ಕೋಶಕ್ಕೊಂದು ರೂಢಿ. ಇಂಡಿಯನ್ ಕಾನೂನ್‌ನಲ್ಲಿ ಆಂಡ್, ಆರ್, ನಾಟ್ ಪದಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಕೊನೆಯ ಅಕ್ಷರವನ್ನು ಎರಡು ಸಲ ಬರೆಯಬೇಕು. ವೆಸ್ಟ್‌ಲಾದ ಸೂತ್ರಪದ್ಧತಿಯಲ್ಲಿ ಎರಡು ಪದಗಳ ನಡುವಿನ ಬರಿಯ ಖಾಲಿ ಜಾಗಕ್ಕೆ ‘ಅಥವಾ’ ಎಂದೇ ಅರ್ಥ. ಆದ್ದರಿಂದ ಯಾವ ಕೋಶವಾದರೂ ಮೊದಲು ಅದರ ಸಹಾಯಪುಟ ಓದುವುದು ಲೇಸು.

ಸಾಮೀಪ್ಯದ ಸೂತ್ರದಿಂದ ಇನ್ನೆರಡು ಆಧಾರ ಸಿಕ್ಕವು. ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್, ಸಂಸ್ಥೆಗಳು ಒಂದು ಸೆಮಿಸ್ಟರಿನ ಅಥವಾ ಒಂದು ವರ್ಷದ ಶುಲ್ಕವನ್ನಷ್ಟೇ ಮುಂಗಡ ಪಡೆಯಬೇಕೆಂದು ಹೇಳಿತ್ತು. ಕೋಚಿಂಗ್ ಶುಲ್ಕದ ವ್ಯಾಜ್ಯಗಳಲ್ಲೂ ಗ್ರಾಹಕ ಆಯೋಗಗಳು ಆ ಮಾತನ್ನು ಆಧರಿಸಿವೆ. ಇನ್ನೊಂದು, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ. ಪೂರ್ತಿ ಹಣ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಕೊಡಬೇಕೆಂದು ಅದರಲ್ಲಿದೆ.

ಸಿಕ್ಕ ತೀರ್ಪು ಇನ್ನೂ ನಿಂತಿದೆಯೇ ಎಂದು ನೋಡುವುದು ಕೊನೆಯ ಮೆಟ್ಟಿಲು. ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲೇ, ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಉಲ್ಲೇಖಿಸಿತು ಎಂಬ ಪಟ್ಟಿ ಅಚ್ಚು ಹಾಕಲು ತೊಡಗಿದ್ದ. ಈಗಿನ ಕೋಶಗಳಲ್ಲಿ ಒಂದು ಗುಂಡಿ ಒತ್ತಿದರೆ ಆ ಪಟ್ಟಿ ಬರುತ್ತದೆ. 2020ರ ಆ ತೀರ್ಪಿನ ಮೇಲಿನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ವಿಚಾರಣೆಗೆ ಅಂಗೀಕರಿಸಿದ ಸಂಗತಿ ಮಗಳಿಗೆ ಗೊತ್ತಾದದ್ದು ಹಾಗೆ. ಅದನ್ನೂ ಅವಳು ತಂದೆಯಿಂದ ಮುಚ್ಚಿಡಲಿಲ್ಲ. ಗೆಲುವು ಸೋಲು ಆಯೋಗಕ್ಕೆ ಬಿಟ್ಟದ್ದು. ಆದರೆ ಹಣೆಬರಹವೆಂದು ಕೈಚೆಲ್ಲಿದ್ದ ತಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದ ದೂರಿಗೆ 2020ರ ನಿಯಮಗಳಂತೆ ಶುಲ್ಕವಿಲ್ಲ; ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು, ಅಷ್ಟೆ.

ಸಿಗದೇ ಹೋದದ್ದನ್ನು ಎಣಿಸುವುದು ಹೇಗೆ?

ಮಗಳು ಎರಡು ದಿನ ಕಳೆದುಕೊಂಡಳು. ಅನುಭವಿ ವಕೀಲರು ಇದಕ್ಕಿಂತ ಹೆಚ್ಚು ಕಳೆದುಕೊಂಡ ದಾಖಲೆಯಿದೆ. ಬ್ಲೇರ್ ಮತ್ತು ಮ್ಯಾರನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ದೊಡ್ಡ ಮೊಕದ್ದಮೆಯ ಸುಮಾರು 40,000 ದಾಖಲೆಗಳು, ಸುಮಾರು ಮೂರೂವರೆ ಲಕ್ಷ ಪುಟ, ಕಂಪ್ಯೂಟರಿನಲ್ಲಿದ್ದವು. ಬೇಕಾದ ಕಾಗದಗಳಲ್ಲಿ ನೂರಕ್ಕೆ 75 ಭಾಗ ಸಿಕ್ಕಿದೆ ಎಂದು ವಕೀಲರು ನಂಬಿದ್ದರು. ಲೆಕ್ಕ ಹಾಕಿದಾಗ ಸಿಕ್ಕಿದ್ದು ಸರಾಸರಿ 20 ಭಾಗ ಮಾತ್ರ!

ಸಿಗದೇ ಹೋದದ್ದನ್ನು ಎಣಿಸಿದ್ದಾದರೂ ಹೇಗೆ? ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯನ್ನೆಲ್ಲ ಬಗ್ಗಿಸುವುದಿಲ್ಲ. ನಾಲ್ಕು ಅಗುಳು ಹಿಸುಕುತ್ತೇವೆ. ಅವರೂ ಹುಡುಕಾಟದಲ್ಲಿ ಬಾರದೆ ಉಳಿದ ಕಾಗದಗಳಿಂದ ಅಲ್ಲಲ್ಲಿ ಮಾದರಿ ಎತ್ತಿ ವಕೀಲರಿಗೇ ಓದಿಸಿದರು. ಕಾರಣ ಆಗ ಬಯಲಾಯಿತು. ವಕೀಲರು ‘ಅಪಘಾತ’ ಎಂದು ಹುಡುಕಿದ್ದರು. ಅದರಲ್ಲಿ ಸ್ವತಃ ಭಾಗಿಯಾಗಿದ್ದವರು ಆ ಪದವನ್ನು ತಪ್ಪಿಸುತ್ತಿದ್ದರು. ‘ದುರದೃಷ್ಟಕರ ಪರಿಸ್ಥಿತಿ’ ಎಂದಿದ್ದರು. ಉಳಿದವರು ‘ಘಟನೆ’, ‘ಸಮಸ್ಯೆ’, ‘ತೊಂದರೆ’ ಎಂದು ಬರೆದಿದ್ದರು. ಸಿಕ್ಕ ನೂರು ಕಾಗದಗಳಲ್ಲಿ ಸುಮಾರು 79 ಉಪಯುಕ್ತವಾಗಿಯೇ ಇದ್ದುದರಿಂದ, ಸಿಗದವುಗಳ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ. ಬುಟ್ಟಿ ತುಂಬಿದವನು ಕೆರೆಯಲ್ಲಿ ಉಳಿದ ಮೀನನ್ನು ನೆನೆಯುವುದಿಲ್ಲ.

ಕಾನೂನಿನ ಮಾತಿನಲ್ಲಿ ಈ ಬಲೆ ಇನ್ನೂ ಆಳ. ‘ನಿರೀಕ್ಷಣಾ ಜಾಮೀನು’ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಅದನ್ನು ಕೊಡುವ 1973ರ ದಂಡಪ್ರಕ್ರಿಯಾ ಸಂಹಿತೆಯ ಮೂಲ 438ನೇ ಕಲಮಿನಲ್ಲಿ ಆ ಪದವೇ ಇರಲಿಲ್ಲ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದು ಕಲಮುಗಳ ಸಂಖ್ಯೆಯೂ ಬದಲಾಯಿತು. ಸಿನಿಮಾ ನೋಡುವವರಿಗೂ ಬಾಯಿಪಾಠವಾದ ಕೊಲೆಯ 302ನೇ ಕಲಂ ಭಾರತೀಯ ನ್ಯಾಯ ಸಂಹಿತೆಯಲ್ಲಿ 103 ಆಗಿದೆ. ಅಲ್ಲಿನ 302 ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 482 ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರದ ಕಲಮಾಗಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 482 ನಿರೀಕ್ಷಣಾ ಜಾಮೀನಿನದು. ಬರಿಯ ಸಂಖ್ಯೆ ನಂಬಿ ಹುಡುಕಿದವನಿಗೆ ಎರಡು ಊರಿನ ಜಾತ್ರೆ ಒಂದೇ ಬೀದಿಯಲ್ಲಿ ಸೇರಿದಂತಾಗುತ್ತದೆ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಕಾಯ್ದೆಯ ಹೆಸರು, ಇಸವಿ ಇವೆಲ್ಲವನ್ನೂ ಆವರಣದಲ್ಲಿಟ್ಟು ಕೇಳಬೇಕು.

ಇಷ್ಟೆಲ್ಲ ಏಕೆ, ಈಗ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಆಡುಮಾತಿನಲ್ಲಿ ಕೇಳಿದರೆ ಉತ್ತರ ಕೊಡುತ್ತದಲ್ಲ ಎಂದು ಮಕ್ಕಳು ಕೇಳಬಹುದು. ಕೊಡುತ್ತದೆ, ನಿಜ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಹಾಗೆ ಕೇಳಿ ಪಡೆದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳು ಇರಲೇ ಇಲ್ಲ. ಯಂತ್ರ ಹೆಣೆದು ಕೊಟ್ಟಿತ್ತು. ಕೋರ್ಟು 5,000 ಡಾಲರ್ ದಂಡ ಹಾಕಿತು. ಹಳೆಯ ಸೂತ್ರಗಳ ಹುಡುಕಾಟ ಮಂಕಾದರೂ ಪ್ರಾಮಾಣಿಕ: ಇರುವುದನ್ನು ಬಿಟ್ಟೀತು, ಇಲ್ಲದ್ದನ್ನು ತಂದುಕೊಡದು. ಯಂತ್ರ ಹೇಳಿದ ತೀರ್ಪನ್ನು ಅಧಿಕೃತ ಕೋಶದಲ್ಲಿ ಹುಡುಕಿ, ತೆರೆದು, ಓದಿ ನೋಡಲೂ ಇದೇ ವಿದ್ಯೆ ಬೇಕು.

ಇದನ್ನು ಕಲಿಯಲು ಕಾನೂನು ಕಾಲೇಜಿಗೆ ಸೇರಬೇಕಾಗಿಲ್ಲ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಸಬಹುದು. ಶಾಲಾ ವಾಹನದ ಅಪಘಾತವೋ, ಡೊನೇಶನ್ ಹಾವಳಿಯೋ, ಯಾವುದಾದರೂ ವಿಷಯ ಇರಲಿ. ಮೊದಲ ಪಟ್ಟಿಯಲ್ಲಿ ನೊಂದವರು ಬಳಸುವ ಪದಗಳು. ಎರಡನೆಯದರಲ್ಲಿ ಅದನ್ನೇ ಎದುರಿನವರು, ಪೊಲೀಸರು, ನ್ಯಾಯಾಧೀಶರು ಏನೆಂದು ಬರೆದಾರು ಎಂಬುದು. ಪೋಷಕರು ಡೊನೇಶನ್ ಎಂದದ್ದನ್ನು 1984ರ ಕರ್ನಾಟಕದ ಕಾಯ್ದೆ ಕ್ಯಾಪಿಟೇಶನ್ ಫೀ ಎನ್ನುತ್ತದೆ. ಆಡಳಿತ ಮಂಡಳಿ ಅದನ್ನೇ ಕಟ್ಟಡ ನಿಧಿ ಎಂದು ರಸೀದಿ ಹರಿಯಬಹುದು. ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಉದ್ದವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತರೆ ಸಾಕು.